ಸೂರ್ಯನ ಕರೋನಾದ ಕಾಂತಕ್ಷೇತ್ರ: ಮೈಸೂರಲ್ಲೇ ಕೂತು ಮಾದರಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಫಿಸಿಕ್ಸ್ ಓದುವವರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುವುದೇ ಒಂದು ತಲೆನೋವು. ಖಗೋಳ ವಿಜ್ಞಾನ ಅಂದರೆ ದೊಡ್ಡ ದೂರದರ್ಶಕ ಬೇಕು, ದುಡ್ಡು ಬೇಕು ಅಂತ ಜಾಸ್ತಿ ಜನ ಆ ಕಡೆ ತಿರುಗಿಯೂ ನೋಡುವುದಿಲ್ಲ. ಸೂರ್ಯನ ಸುತ್ತ ಹರಡಿರುವ ಬಿಸಿ ಅನಿಲದ ಹೊರಪದರವಾದ ಕರೋನಾದಲ್ಲಿ ಕಾಂತಕ್ಷೇತ್ರ ಹೇಗಿದೆ ಅಂತ ಲೆಕ್ಕ ಹಾಕುವ ಈ ಕೆಲಸಕ್ಕೆ ಅದ್ಯಾವುದೂ ಬೇಡ. ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್, ಅಲ್ಪಸ್ವಲ್ಪ ಪೈಥಾನ್, ಬಿಎಸ್ಸಿಯಲ್ಲಿ ಓದಿದ ವಿದ್ಯುತ್ಕಾಂತತೆ ಇಷ್ಟಿದ್ದರೆ ಸಾಕು. ಅಳತೆಗಳನ್ನು ಬೇರೆಯವರು ಮಾಡಿ, ಬಿಟ್ಟಿಯಾಗಿ ಇಟ್ಟಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಲೆಕ್ಕ ಸುಲಭ, ಆ ಲೆಕ್ಕಕ್ಕೆ ಕೊಡುವ ಸೂರ್ಯನ ಮೇಲ್ಮೈಯ ಕಾಂತ ನಕ್ಷೆ ಕಷ್ಟ. ಹೊಸಬರು ಲೆಕ್ಕದ ಪ್ರೋಗ್ರಾಂ ಹಿಂದೆ ಬೀಳುತ್ತಾರೆ, ಕೆಳಗಿನ ನಕ್ಷೆಯನ್ನು ಕಣ್ಣು ಮುಚ್ಚಿ ನಂಬುತ್ತಾರೆ. ನೀವು ಉಲ್ಟಾ ಮಾಡಿ. ಸಮಯದ ಮುಕ್ಕಾಲು ಪಾಲು ನಕ್ಷೆಗೇ ಇಡಿ.

ನೇರವಾಗಿ ಅಳೆದರೆ ಆಗದೇ?

ಆಗುತ್ತದೆ, ಆದರೆ ತುಂಬ ಕಷ್ಟ. ಸೂರ್ಯನ ಮೇಲ್ಮೈಯ ಕಾಂತಕ್ಷೇತ್ರವನ್ನು ಅಳೆಯುವುದು ಜೀಮನ್ ಪರಿಣಾಮದಿಂದ. ಕಾಂತಕ್ಷೇತ್ರ ಇದ್ದಲ್ಲಿ ರೋಹಿತದ ಒಂದು ಗೆರೆ ಸೀಳಿಕೊಳ್ಳುತ್ತದೆ, ಅದರ ಬೆಳಕು ಧ್ರುವೀಕರಣಗೊಂಡಿರುತ್ತದೆ. 1908ರಲ್ಲಿ ಜಾರ್ಜ್ ಎಲರಿ ಹೇಲ್ ಸೂರ್ಯಕಲೆಗಳಲ್ಲಿ ಕಾಂತಕ್ಷೇತ್ರ ಇದೆ ಅಂತ ತೋರಿಸಿದ್ದು ಹೀಗೆಯೇ. ಅಲ್ಲಿ ಕ್ಷೇತ್ರ ಎರಡು ಮೂರು ಸಾವಿರ ಗಾಸ್ (ಕಾಂತಕ್ಷೇತ್ರದ ಅಳತೆ) ಇರುತ್ತದೆ, ಮೇಲ್ಮೈಯ ಬಿಸಿ 6,000 ಕೆಲ್ವಿನ್‌ಗಿಂತ ಕೊಂಚ ಕಡಿಮೆ. ಅಳತೆ ಸಲೀಸು.

ಕರೋನಾದಲ್ಲಿ ಎರಡೂ ತಿರುಗುಮುರುಗು. ಸಕ್ರಿಯ ಪ್ರದೇಶಗಳನ್ನು, ಅಂದರೆ ಸೂರ್ಯಕಲೆಗಳ ಸುತ್ತಲಿನ ಬಲವಾದ ಕ್ಷೇತ್ರದ ಜಾಗಗಳನ್ನು, ಬಿಟ್ಟರೆ ಕ್ಷೇತ್ರ ಕೆಲವೇ ಗಾಸ್, ಬಿಸಿ ಹತ್ತು ಲಕ್ಷ ಕೆಲ್ವಿನ್‌ಗೂ ಮೇಲೆ. ಅಷ್ಟು ಬಿಸಿಗೆ ರೋಹಿತದ ಗೆರೆ ಊದಿಕೊಂಡಿರುತ್ತದೆ, ಸಣ್ಣ ಸೀಳು ಅದರೊಳಗೆ ಮುಚ್ಚಿಹೋಗುತ್ತದೆ. ಬೆಳಕೂ ತೀರಾ ಮಂದ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ದಕ್ಷಿಣ ಕೊಡಗಿನಲ್ಲಿ ಪೂರ್ತಿ ಬಳೆ ಕಂಡಿತು, ಮೈಸೂರಿನಲ್ಲಿ ಸೂರ್ಯನ ಬಹುಪಾಲು ಮುಚ್ಚಿತ್ತು. ಆದರೂ ಎರಡೂ ಕಡೆ ಕರೋನಾ ಕಾಣಲಿಲ್ಲ. ಸೂರ್ಯಬಿಂಬದ ಒಂದು ತೆಳು ಅಂಚು ಉಳಿದರೂ ಸಾಕು, ಆ ಬೆಳಕಿನಲ್ಲಿ ಕರೋನಾ ಕೊಚ್ಚಿಹೋಗುತ್ತದೆ.

ಜೀಮನ್ ಸೀಳು ತರಂಗಾಂತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಬಿಸಿಯಿಂದ ಆಗುವ ಊತ ಬರೀ ತರಂಗಾಂತರಕ್ಕೆ ತಕ್ಕಂತೆ. ಆದ್ದರಿಂದ ಕರೋನಾ ಅಳೆಯುವವರು ಅವಕೆಂಪಿಗೆ ಹೋಗುತ್ತಾರೆ. ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆಯಲ್ಲಿರುವ, ಭಾರತೀಯ ಖಭೌತ ಸಂಸ್ಥೆ ಕಟ್ಟಿದ, ಕರೋನಾ ನೋಡುವ ವೆಲ್ಕ್ ಉಪಕರಣವೂ ಧ್ರುವೀಕರಣ ನೋಡಲು ಕಬ್ಬಿಣದ 10,747 ಆಂಗ್‌ಸ್ಟ್ರಾಂ ಗೆರೆಯನ್ನೇ ಬಳಸುತ್ತದೆ. ಹವಾಯಿಯ ನಾಲ್ಕು ಮೀಟರ್ ಇನೂಯೆ ದೂರದರ್ಶಕದಲ್ಲೂ ಇಂಥ ಅಳತೆ ನಡೆಯುತ್ತಿದೆ. ಆದರೆ ಇಡೀ ಕರೋನಾದ ಮೂರು ಆಯಾಮದ ಚಿತ್ರ ದಿನವೂ ಬೇಕು ಅಂದರೆ ದಾರಿ ಒಂದೇ: ಮೇಲ್ಮೈಯಲ್ಲಿ ಅಳೆದದ್ದನ್ನು ಇಟ್ಟುಕೊಂಡು ಮೇಲಿನದನ್ನು ಲೆಕ್ಕ ಹಾಕುವುದು.

ಲೆಕ್ಕದ ಹಿಂದಿರುವ ಎರಡು ಊಹೆಗಳು

ನಾವು ಕಟ್ಟುವ ಮಾದರಿಯನ್ನು ಪಿಎಫ್‌ಎಸ್‌ಎಸ್ (ಪೊಟೆನ್ಷಿಯಲ್ ಫೀಲ್ಡ್ ಸೋರ್ಸ್ ಸರ್ಫೇಸ್) ಅನ್ನುತ್ತಾರೆ. 1969ರಲ್ಲಿ ಷಾಟನ್, ವಿಲ್ಕಾಕ್ಸ್, ನೆಸ್ ಒಂದು ಕಡೆ, ಆಲ್ಟ್‌ಷೂಲರ್ ಮತ್ತು ನ್ಯೂಕರ್ಕ್ ಇನ್ನೊಂದು ಕಡೆ ಇದನ್ನು ಮುಂದಿಟ್ಟರು. ಐವತ್ತು ವರ್ಷ ದಾಟಿದರೂ ದಿನಬಳಕೆಯಲ್ಲಿದೆ.

ಮೊದಲ ಊಹೆ, ಮೇಲ್ಮೈಗೂ ಹೊರಗಿನ ಒಂದು ಗೋಳಕ್ಕೂ ನಡುವೆ ವಿದ್ಯುತ್ ಪ್ರವಾಹವೇ ಇಲ್ಲ. ಮಂಡ್ಯ ಕಡೆಯವರಿಗೆ ಹೀಗೆ ಹೇಳಬಹುದು: ವಿ.ಸಿ. ನಾಲೆಯ ಯಾವ ತೂಬಿನಲ್ಲಿ ಎಷ್ಟು ನೀರು ಹೊರಬರುತ್ತದೆ, ಎಲ್ಲಿ ಎಷ್ಟು ಇಂಗುತ್ತದೆ ಅಂತ ಗೊತ್ತಿದ್ದು, ನೀರಿನಲ್ಲಿ ಎಲ್ಲೂ ಸುಳಿ ಇಲ್ಲ ಅಂತ ಒಪ್ಪಿಕೊಂಡರೆ, ನಡುವೆ ನೀರು ಹೇಗೆ ಹರಿಯುತ್ತದೆ ಅನ್ನುವುದು ತಾನಾಗಿ ನಿರ್ಧಾರವಾಗುತ್ತದೆ. ಇಲ್ಲಿ ತೂಬು ಅಂದರೆ ಧನ ಧ್ರುವ, ಇಂಗುವ ಜಾಗ ಋಣ ಧ್ರುವ, ಸುಳಿ ಅಂದರೆ ವಿದ್ಯುತ್ ಪ್ರವಾಹ. ಗಣಿತದಲ್ಲಿ ಇದು ಲಾಪ್ಲಾಸ್ ಸಮೀಕರಣ ಅಷ್ಟೇ.

ಎರಡನೆಯ ಊಹೆ, ಸೂರ್ಯನ ಕೇಂದ್ರದಿಂದ ಸುಮಾರು 2.5 ತ್ರಿಜ್ಯ ದೂರದಲ್ಲಿ ಎಲ್ಲ ಬಲರೇಖೆಗಳೂ ನೆಟ್ಟಗೆ ಹೊರಮುಖವಾಗಿರುತ್ತವೆ. ಈ ಗೋಳಕ್ಕೆ ಸೋರ್ಸ್ ಸರ್ಫೇಸ್ ಅಂತ ಹೆಸರು. ಕೆಳ ಕರೋನಾದಲ್ಲಿ ಕಾಂತಕ್ಷೇತ್ರ ಹೇಳಿದ ಹಾಗೆ ಅನಿಲ ಕೇಳುತ್ತದೆ. ಮೇಲೆ ಹೋದ ಹಾಗೆ ಸೌರಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಬೀಸುವ ಕಣಗಳ ಗಾಳಿಯ, ಕೈ ಮೇಲಾಗಿ, ಬಲರೇಖೆಗಳನ್ನು ಹೊರಕ್ಕೆ ಎಳೆದೊಯ್ಯುತ್ತದೆ. ಈ ಎಳೆತವನ್ನು ಲೆಕ್ಕ ಹಾಕುವ ಬದಲು, ಒಂದು ಗೋಳ ಇಟ್ಟು ಇಲ್ಲಿಂದಾಚೆ ಎಲ್ಲ ನೇರ ಅಂದುಬಿಡುತ್ತೇವೆ. ಒರಟು ಊಹೆಯೇ ಸರಿ. ಆದರೆ ಅಚ್ಚರಿಯಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ಪೈಥಾನ್‌ಗೆ ಒಂದು ಪ್ರತ್ಯೇಕ ಎನ್ವಿರಾನ್‌ಮೆಂಟ್ ಮಾಡಿ, ಅದರಲ್ಲಿ ನಂಪೈ, ಆಸ್ಟ್ರೋಪೈ, ಸನ್‌ಪೈ, ಸನ್‌ಕಿಟ್-ಮ್ಯಾಗೆಕ್ಸ್ ಅನ್ನುವ ಪ್ಯಾಕೇಜ್‌ಗಳನ್ನು ಹಾಕಿ. ಪಿಎಫ್‌ಎಸ್‌ಎಸ್ ಲೆಕ್ಕ ಮಾಡುವುದು ಕೊನೆಯದು. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಪಿಎಫ್‌ಎಸ್‌ಎಸ್‌ಪೈ ಅನ್ನುವ ಹೆಸರು ಸಿಗುತ್ತದೆ. ಅದರ ಕೆಲಸವೇ ಈಗ ಸನ್‌ಕಿಟ್-ಮ್ಯಾಗೆಕ್ಸ್‌ಗೆ ಬಂದಿದೆ, ಹೊಸದನ್ನೇ ಬಳಸಿ. ಲ್ಯಾಪ್‌ಟಾಪ್ ತಡೆಯುತ್ತದಾ ಅನ್ನುವ ಹೆದರಿಕೆ ಬೇಡ. 360 ಗುಣಿಸು 180 ಚೌಕದ ನಕ್ಷೆ, ಎತ್ತರದಲ್ಲಿ 35 ಪದರ ಅಂದರೆ ಸುಮಾರು 23 ಲಕ್ಷ ಬಿಂದು. ಕ್ಷೇತ್ರದ ಮೂರೂ ಘಟಕ ಸೇರಿ 55 ಎಂಬಿ ಆಸುಪಾಸು.

ಹಂತ 2: ನಕ್ಷೆ ತನ್ನಿ

ನಮಗೆ ಬೇಕಿರುವುದು ಸೂರ್ಯನ ಇಡೀ ಮೇಲ್ಮೈಯ ಕಾಂತ ನಕ್ಷೆ. ಇದಕ್ಕೆ ಸಿನಾಪ್ಟಿಕ್ ಮ್ಯಾಪ್ ಅನ್ನುತ್ತಾರೆ. ಎರಡು ಒಳ್ಳೆಯ ಮೂಲಗಳಿವೆ.

ಒಂದು ಗಾಂಗ್ ಜಾಲ. ಭೂಮಿಯ ಸುತ್ತ ಆರು ಕಡೆ ಒಂದೇ ಥರದ ಪುಟ್ಟ ದೂರದರ್ಶಕಗಳು. ಒಂದು ನಮ್ಮ ಉದಯಪುರದಲ್ಲೇ ಇದೆ. ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಮೋಡ ಕವಿದು ನಮಗೆ ದಿನಗಟ್ಟಲೆ ಸೂರ್ಯ ಕಾಣದಿದ್ದರೂ, ಎಲ್ಲೋ ಒಂದು ಕಡೆ ಬಿಸಿಲಿರುತ್ತದೆ. ಇದರ ನಕ್ಷೆ 360 ಗುಣಿಸು 180 ಅಳತೆಯದು, ಆಗಾಗ ಹೊಸದಾಗುತ್ತಿರುತ್ತದೆ. ಕಲಿಯುವವರಿಗೆ ನನ್ನ ಆಯ್ಕೆ ಇದೇ.

ಇನ್ನೊಂದು, 2010ರಲ್ಲಿ ಹಾರಿದ ನಾಸಾದ ಎಸ್‌ಡಿಒ ಉಪಗ್ರಹದ ಎಚ್‌ಎಂಐ ಉಪಕರಣ. ಕಬ್ಬಿಣದ 6,173 ಆಂಗ್‌ಸ್ಟ್ರಾಂ ಗೆರೆಯಲ್ಲಿ ಅಳೆಯುತ್ತದೆ. ಇದರ ಪೂರ್ಣ ನಕ್ಷೆ 3,600 ಗುಣಿಸು 1,440, ಅಂದರೆ 50 ಲಕ್ಷಕ್ಕೂ ಮೇಲೆ ಚೌಕ. ಇಳಿಸಿಕೊಳ್ಳಲು, ಈ ಮಾಹಿತಿ ಇಟ್ಟಿರುವ ಜೆಸಾಕ್ ತಾಣದಲ್ಲಿ ಇಮೇಲ್ ನೋಂದಾಯಿಸಬೇಕು. ಇಷ್ಟು ಸೂಕ್ಷ್ಮ ನಕ್ಷೆ ನಮಗೆ ಬೇಡ. ಯಾಕೆ ಅಂತ ಹಂತ 4ರಲ್ಲಿ ಅಂಕಿ ಸಮೇತ ಕಾಣುತ್ತದೆ. ಬಳಸುವುದಾದರೆ ಪಕ್ಕಪಕ್ಕದ ಚೌಕಗಳ ಸರಾಸರಿ ತೆಗೆದು ಚಿಕ್ಕದು ಮಾಡಿ. ಹತ್ತಕ್ಕೊಂದು ಚೌಕ ಹೆಕ್ಕಿಕೊಂಡು ಉಳಿದದ್ದನ್ನು ಬಿಸಾಡಬೇಡಿ, ಕಾಂತ ಅಭಿವಾಹದ ಲೆಕ್ಕವೇ ಕೆಟ್ಟುಹೋಗುತ್ತದೆ.

ಎರಡನ್ನೂ ಬೆರೆಸಬೇಡಿ. ಒಂದೇ ಜಾಗಕ್ಕೆ ಎರಡು ಉಪಕರಣ ಬೇರೆ ಬೇರೆ ಗಾಸ್ ಹೇಳುತ್ತವೆ.

ಹಂತ 3: ನಕ್ಷೆಯನ್ನು ಅನುಮಾನದಿಂದ ನೋಡಿ

ಇಲ್ಲಿ ನಿಧಾನ ಮಾಡಿ. ನಕ್ಷೆ ನೋಡಲು ಫೋಟೋ ಥರ ಕಾಣುತ್ತದೆ, ಆದರೆ ಅದು ಒಂದು ದಿನದ ಸೂರ್ಯ ಅಲ್ಲ. ಭೂಮಿಯಿಂದ ನೋಡಿದಾಗ ಸೂರ್ಯ ಒಂದು ಸುತ್ತು ಬರಲು ಸರಾಸರಿ 27.2753 ದಿನ ಬೇಕು. ಇದು ಕ್ಯಾರಿಂಗ್ಟನ್ ಸುತ್ತು. ದಿನಾ ನಮಗೆ ಎದುರಾಗುವ ನಡುಪಟ್ಟಿಯನ್ನು ಕತ್ತರಿಸಿ ಅಂಟಿಸುತ್ತಾ ಹೋದರೆ ಒಂದು ನಕ್ಷೆ ಮುಗಿಯುತ್ತದೆ. ಹಾಗಾಗಿ ನಕ್ಷೆಯ ಒಂದು ಅಂಚಿಗೂ ಇನ್ನೊಂದು ಅಂಚಿಗೂ ನಾಲ್ಕು ವಾರದ ಅಂತರ.

ಇದರಿಂದ ಆಗುವ ಪಜೀತಿ ಏನು? 2024ರ ಏಪ್ರಿಲ್ 8ರ ಪೂರ್ಣ ಗ್ರಹಣವನ್ನು ತೆಗೆದುಕೊಳ್ಳಿ. ಅದು ಅಮೆರಿಕದಲ್ಲಿ ಕಂಡದ್ದು, ಆದರೆ ಒಳ್ಳೆಯ ಫೋಟೋಗಳು ಎಲ್ಲರಿಗೂ ಸಿಗುತ್ತವೆ. ಆ ದಿನ 2282ನೇ ಕ್ಯಾರಿಂಗ್ಟನ್ ಸುತ್ತು ಇನ್ನೇನು ಮುಗಿಯುವುದರಲ್ಲಿತ್ತು. ಗ್ರಹಣದಲ್ಲಿ ಕಾಣುವುದು ಸೂರ್ಯನ ಎರಡು ಅಂಚುಗಳ ಮೇಲಿನ ಕರೋನಾ. ಪಶ್ಚಿಮ ಅಂಚು ನಮಗೆ ಎದುರಾಗಿದ್ದು ಒಂದು ವಾರದ ಹಿಂದೆ, ಪರವಾಗಿಲ್ಲ. ಪೂರ್ವ ಅಂಚು ಎದುರಾಗಿ ಇಪ್ಪತ್ತು ದಿನ ಆಗಿತ್ತು. ಅಷ್ಟರಲ್ಲಿ ಅಲ್ಲಿ ಹೊಸ ಸೂರ್ಯಕಲೆ ಹುಟ್ಟಿದ್ದರೆ ಆ ನಕ್ಷೆಗೆ ಗೊತ್ತೇ ಇರುವುದಿಲ್ಲ. ಸೂರ್ಯ ಚುರುಕಾಗಿದ್ದ ಕಾಲ ಬೇರೆ. ಇಂಥ ಕಡೆ 2283ನೇ ಸುತ್ತಿನ ನಕ್ಷೆಯಿಂದಲೂ ಒಮ್ಮೆ ಲೆಕ್ಕ ಮಾಡಿ, ಎರಡನ್ನೂ ಹೋಲಿಸಿ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ 2019ರ ಜುಲೈ 2ರ ಗ್ರಹಣ ಒಳ್ಳೆಯದು. 2219ನೇ ಸುತ್ತು. ಆಗ ಸೂರ್ಯ ತೀರಾ ಶಾಂತ, ನಾಲ್ಕು ವಾರದಲ್ಲಿ ಅಂಥ ಬದಲಾವಣೆ ಆಗುತ್ತಿರಲಿಲ್ಲ.

ಆಮೇಲೆ ಧ್ರುವಗಳು. ಇದೇ ಎಲ್ಲಕ್ಕಿಂತ ದೊಡ್ಡ ತೊಡಕು. ಸೂರ್ಯನ ಅಕ್ಷ ನಮ್ಮ ಕಡೆಗೆ ಹೆಚ್ಚೆಂದರೆ 7.25 ಡಿಗ್ರಿ ವಾಲುತ್ತದೆ. ಸೆಪ್ಟೆಂಬರ್‌ನಲ್ಲಿ ಉತ್ತರ ಧ್ರುವ ಸ್ವಲ್ಪ ಕಾಣುತ್ತದೆ, ಮಾರ್ಚ್‌ನಲ್ಲಿ ದಕ್ಷಿಣ ಧ್ರುವ. ಅದೂ ಓರೆಯಾಗಿ. ನಾವು ಅಳೆಯುವುದು ನಮ್ಮ ದೃಷ್ಟಿರೇಖೆಯ ಘಟಕ, ಧ್ರುವದ ಕ್ಷೇತ್ರ ಇರುವುದು ನೆಟ್ಟಗೆ ಮೇಲಕ್ಕೆ. ಹಾಗಾಗಿ ಅಳತೆ ಚಿಕ್ಕದು, ಗದ್ದಲ (ಅಳತೆಯಲ್ಲಿ ಸೇರುವ ನಾಯ್ಸ್) ದೊಡ್ಡದು. ಕೋನಕ್ಕೆ ತಕ್ಕಂತೆ ಭಾಗಿಸಿ ಸರಿಮಾಡುವಾಗ ಗದ್ದಲವೂ ಹಿಗ್ಗುತ್ತದೆ. ಕಾಣದ ತಿಂಗಳುಗಳಲ್ಲಿ ನಕ್ಷೆ ಮಾಡುವವರು ಅಂದಾಜಿನಿಂದ ತುಂಬುತ್ತಾರೆ. ಸೋಲಾರ್ ಆರ್ಬಿಟರ್ ನೌಕೆ 2025ರ ಮಾರ್ಚ್‌ನಲ್ಲಿ ಸೂರ್ಯನ ಸಮಭಾಜಕಕ್ಕಿಂತ 17 ಡಿಗ್ರಿ ಕೆಳಗಿನಿಂದ ದಕ್ಷಿಣ ಧ್ರುವ ನೋಡಿದ್ದು ಅಷ್ಟು ದೊಡ್ಡ ಸುದ್ದಿಯಾಗಿದ್ದು ಸುಮ್ನೆ ಅಲ್ಲ.

ಈಗ ಕೈಕೆಲಸ. ಕೆಳಗಿನವನ್ನು ಇದೇ ಕ್ರಮದಲ್ಲಿ ಮಾಡಿ.

1. ನಕ್ಷೆಯಲ್ಲಿ ನ್ಯಾನ್, ಅಂದರೆ ಖಾಲಿ ಚೌಕ, ಇದೆಯಾ ನೋಡಿ. ಎಚ್‌ಎಂಐ ನಕ್ಷೆಯಲ್ಲಿ ಧ್ರುವದ ಬಳಿ ಇದ್ದೇ ಇರುತ್ತದೆ. ಧ್ರುವ ತುಂಬಿದ ಆವೃತ್ತಿ ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ಖಾಲಿ ಜಾಗಕ್ಕೆ ಸೊನ್ನೆ ತುಂಬಬೇಡಿ.

2. ಅಕ್ಷಾಂಶದ ಅಳತೆ ಯಾವುದು ನೋಡಿ. ಗಾಂಗ್ ನಕ್ಷೆಯ ಸಾಲುಗಳು ಡಿಗ್ರಿಯಲ್ಲಲ್ಲ, ಅಕ್ಷಾಂಶದ ಸೈನ್‌ನಲ್ಲಿ ಸಮಾನ ಅಂತರದಲ್ಲಿರುತ್ತವೆ. ಆಗ ಪ್ರತಿ ಚೌಕದ ವಿಸ್ತೀರ್ಣವೂ ಒಂದೇ. ಲೆಕ್ಕದ ಪ್ರೋಗ್ರಾಂಗೂ ಇದೇ ಬೇಕು. ಡಿಗ್ರಿ ನಕ್ಷೆ ಇದ್ದರೆ ಮೊದಲು ಬದಲಾಯಿಸಿಕೊಳ್ಳಿ.

3. ಎಲ್ಲ ಚೌಕಗಳ ಸರಾಸರಿ ತೆಗೆಯಿರಿ. ಕಾಂತಕ್ಕೆ ಒಂಟಿ ಧ್ರುವ ಇಲ್ಲವಾದ್ದರಿಂದ ಅದು ಸೊನ್ನೆ ಬರಬೇಕು. ಬರುವುದಿಲ್ಲ. ಉಳಿದ ಸರಾಸರಿಯನ್ನು ಎಲ್ಲ ಚೌಕಗಳಿಂದ ಕಳೆಯಿರಿ. ಕಳೆಯುವ ಮೊದಲು ಆ ಸಂಖ್ಯೆಯನ್ನು ಬರೆದಿಡಿ. ಅದು ದೊಡ್ಡದಿದ್ದರೆ ನಕ್ಷೆಯಲ್ಲೇ ಏನೋ ಎಡವಟ್ಟಿದೆ.

4. ನಕ್ಷೆ ತಲೆಕೆಳಗಾಗಿಲ್ಲ, ರೇಖಾಂಶ ಜರುಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಅದೇ ಸುತ್ತಿನ ಒಂದು ದಿನದ ಸೂರ್ಯಬಿಂಬದ ಚಿತ್ರ ತೆಗೆದು, ಒಂದು ದೊಡ್ಡ ಸೂರ್ಯಕಲೆ ಎರಡರಲ್ಲೂ ಒಂದೇ ಜಾಗದಲ್ಲಿದೆಯಾ ನೋಡಿದರೆ ಸಾಕು.

ಹಂತ 4: ಉತ್ತರ ಗೊತ್ತಿರುವ ಲೆಕ್ಕದಿಂದ ಶುರುಮಾಡಿ

ನಿಜವಾದ ನಕ್ಷೆ ಕೊಡುವ ಮೊದಲು ಒಂದು ಸುಳ್ಳು ನಕ್ಷೆ ಮಾಡಿ. ಪ್ರತಿ ಚೌಕದಲ್ಲೂ 10 ಗಾಸ್ ಗುಣಿಸು ಅಕ್ಷಾಂಶದ ಸೈನ್. ಇದು ಶುದ್ಧ ದ್ವಿಧ್ರುವ, ಶಾಲೆಯ ಪಟ್ಟಿ ಅಯಸ್ಕಾಂತದ ಕ್ಷೇತ್ರ. ಸೋರ್ಸ್ ಸರ್ಫೇಸ್ 2.5 ಇಡಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಧ್ರುವದ ನೆತ್ತಿಯಲ್ಲಿ, 1.5 ತ್ರಿಜ್ಯದಲ್ಲಿ 3.18 ಗಾಸ್, 2.5ರಲ್ಲಿ 0.93 ಗಾಸ್ ಬರಬೇಕು. ಆ ಹೊರಗೋಳದ ಮೇಲೆ ಅಡ್ಡ ಘಟಕ ಎಲ್ಲೂ ಇರಕೂಡದು. ನಿಮ್ಮ ಪ್ರೋಗ್ರಾಂ ಇದರ ಹತ್ತಿರ ಕೊಟ್ಟರೆ ಮುಂದಕ್ಕೆ ಹೋಗಿ, ಇಲ್ಲವಾದರೆ ಅಲ್ಲೇ ನಿಲ್ಲಿ.

ಇದೇ ಸೂತ್ರದಿಂದ ಇನ್ನೊಂದು ವಿಷಯ ತಿಳಿಯುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು. ಮೇಲ್ಮೈಯ ನಕ್ಷೆಯನ್ನು ಗೋಳೀಯ ಹಾರ್ಮೋನಿಕ್‌ಗಳಾಗಿ ಬಿಡಿಸಬಹುದು: ಮೊದಲು ದ್ವಿಧ್ರುವ, ಆಮೇಲೆ ಚತುರ್ಧ್ರುವ, ಹೀಗೆ ಸಣ್ಣ ಸಣ್ಣ ವಿವರಗಳವರೆಗೆ. ಮೇಲ್ಮೈಯಲ್ಲಿದ್ದ ಬಲದಲ್ಲಿ 2.5 ತ್ರಿಜ್ಯದವರೆಗೆ ದ್ವಿಧ್ರುವದ ಶೇ 9.3 ತಲುಪುತ್ತದೆ. ಚತುರ್ಧ್ರುವದ್ದು ಶೇ 4.2, ಮೂರನೆಯದು ಶೇ 1.8. ಒಂಬತ್ತನೆಯದಕ್ಕೆ ಬಂದರೆ ಬರೀ ಶೇ 0.008. ಅಂದರೆ ಸೂರ್ಯಕಲೆಯ ಸಾವಿರಾರು ಗಾಸ್ ಮೇಲಕ್ಕೆ ಹೋದ ಹಾಗೆ ಒಂದಕ್ಕೊಂದು ಕಳೆದು ಕರಗಿಹೋಗುತ್ತವೆ. ಸೂರ್ಯ ಶಾಂತವಾಗಿದ್ದಾಗ, ಧ್ರುವದ ಕೆಲವೇ ಗಾಸ್ ದ್ವಿಧ್ರುವವಾಗಿ ನಿಂತು ಹೊರ ಕರೋನಾವನ್ನು ಆಳುತ್ತದೆ. ಯಾವುದನ್ನು ನಾವು ಎಲ್ಲಕ್ಕಿಂತ ಕೆಟ್ಟದಾಗಿ ಅಳೆದಿದ್ದೇವೋ ಅದೇ ಎಲ್ಲಕ್ಕಿಂತ ಮುಖ್ಯ! 3,600 ಚೌಕದ ನಕ್ಷೆಗೆ ಆಸೆಪಡಬೇಡಿ ಅಂದದ್ದು ಇದಕ್ಕೇ. ಧ್ರುವ ಸರಿ ಇಲ್ಲದಿದ್ದರೆ ಸೂಕ್ಷ್ಮ ನಕ್ಷೆ ಏನೂ ಮಾಡಲಾರದು.

ಹಂತ 5: ಲೆಕ್ಕ ಓಡಿಸಿ

ಇದು ಚಿಕ್ಕ ಹಂತ. ಪ್ರೋಗ್ರಾಂಗೆ ಮೂರು ವಿಷಯ ಕೊಡಬೇಕು: ಶುಚಿ ಮಾಡಿದ ನಕ್ಷೆ, ಎತ್ತರದಲ್ಲಿ ಎಷ್ಟು ಪದರ (35 ಸಾಕು), ಸೋರ್ಸ್ ಸರ್ಫೇಸ್ ಎಷ್ಟು ದೂರ. ಮೊದಲು 2.5 ಇಡಿ. ಆಮೇಲೆ 2.0ಕ್ಕೆ ಇಳಿಸಿ ಮತ್ತೊಮ್ಮೆ ಓಡಿಸಿ. ಗೋಳ ಕೆಳಗಿಳಿದರೆ ತೆರೆದ ಬಲರೇಖೆಗಳು ಜಾಸ್ತಿಯಾಗುತ್ತವೆ, ಮೇಲೇರಿದರೆ ಕಡಿಮೆ. 2.5 ಅನ್ನುವುದು ಶಾಸನ ಅಲ್ಲ. ಸೂರ್ಯ ಶಾಂತವಾಗಿದ್ದ ಕೆಲವು ಕಾಲಕ್ಕೆ 2ಕ್ಕಿಂತ ಕೆಳಗಿನ ಬೆಲೆಯೇ ಚೆನ್ನಾಗಿ ಹೊಂದುತ್ತದೆ ಅಂತ ಕಂಡಿದೆ. ನಿಮ್ಮ ವರದಿಯಲ್ಲಿ ಎರಡೂ ಚಿತ್ರ ಹಾಕಿ.

ಹಂತ 6: ಬಲರೇಖೆ ಎಳೆಯಿರಿ

ಉತ್ತರ ಬಂದಿರುವುದು ಬರೀ ಸಂಖ್ಯೆಗಳ ರಾಶಿ. ಅದನ್ನು ಕಣ್ಣಿಗೆ ಕಾಣಿಸಬೇಕು. ಮೇಲ್ಮೈಗಿಂತ ಕೊಂಚ ಮೇಲೆ, 1.01 ತ್ರಿಜ್ಯದಲ್ಲಿ, ಸಮಾನ ವಿಸ್ತೀರ್ಣಕ್ಕೊಂದರಂತೆ ಬಿಂದುಗಳನ್ನು ಹರಡಿ. ಡಿಗ್ರಿ ಲೆಕ್ಕದಲ್ಲಿ ಹರಡಿದರೆ ಧ್ರುವದಲ್ಲಿ ಗಿಜಿಗಿಜಿ ಆಗಿ ಚಿತ್ರ ಮೋಸ ಮಾಡುತ್ತದೆ. ಪ್ರತಿ ಬಿಂದುವಿನಿಂದ ಎರಡೂ ದಿಕ್ಕಿಗೆ ರೇಖೆ ಹಿಂಬಾಲಿಸಿ. ಎರಡು ತುದಿಯೂ ಮೇಲ್ಮೈಗೇ ಬಂದರೆ ಮುಚ್ಚಿದ ರೇಖೆ, ಅದಕ್ಕೆ ಬೂದು ಬಣ್ಣ. ಒಂದು ತುದಿ ಹೊರಗೋಳ ಮುಟ್ಟಿದರೆ ತೆರೆದ ರೇಖೆ, ಧನಕ್ಕೆ ಕೆಂಪು, ಋಣಕ್ಕೆ ನೀಲಿ. ಕಾಯಬೇಕಾಗಿ ಬರುವುದು ಇಲ್ಲೇ. ಶುದ್ಧ ಪೈಥಾನ್‌ನಲ್ಲಿ ಎಳೆಯುವುದು ನಿಧಾನ, ಫೋರ್ಟ್ರಾನ್‌ನಂಥ ವೇಗದ ಭಾಷೆಯಲ್ಲಿ ಬರೆದ ಟ್ರೇಸರ್ ಸಿಕ್ಕಿದರೆ ಅದನ್ನೇ ಹಾಕಿ.

ಹಂತ 7: ಸೂರ್ಯನ ಜೊತೆ ತಾಳೆ ನೋಡಿ

ಚಿತ್ರ ಚೆನ್ನಾಗಿ ಬಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಮೂರು ಕಡೆ ತಾಳೆ ನೋಡಬಹುದು.

ಮೊದಲನೆಯದು ಕರೋನಾ ರಂಧ್ರಗಳು. ಎಸ್‌ಡಿಒದ ಎಐಎ ಉಪಕರಣ 193 ಆಂಗ್‌ಸ್ಟ್ರಾಂನಲ್ಲಿ ತೆಗೆದ ಚಿತ್ರದಲ್ಲಿ ಕಪ್ಪು ಹರಹು ಕಾಣುತ್ತವೆ. ತೆರೆದ ರೇಖೆಗಳ ಗುಂಟ ಅನಿಲ ಹೊರಗೆ ಹೋಗಿಬಿಡುವುದರಿಂದ ಅಲ್ಲಿ ಬೆಳಗಲು ಏನೂ ಜಾಸ್ತಿ ಉಳಿದಿರುವುದಿಲ್ಲ. ನಿಮ್ಮ ತೆರೆದ ರೇಖೆಗಳ ಬುಡ ಆ ಕಪ್ಪಿನ ಮೇಲೆ ಕೂತಿದೆಯಾ? ದೊಡ್ಡ ರಂಧ್ರಗಳು ಸಾಮಾನ್ಯವಾಗಿ ಸಿಗುತ್ತವೆ. ಅಂಚುಗಳು ಅಷ್ಟಾಗಿ ಹೊಂದುವುದಿಲ್ಲ, ಅದಕ್ಕೆ ಬೇಜಾರಾಗಬೇಡಿ.

ಎರಡನೆಯದು ಗ್ರಹಣದ ಫೋಟೋ. ಮುಚ್ಚಿದ ರೇಖೆಗಳ ಗುಡ್ಡದ ಮೇಲೆ ಉದ್ದನೆ ಮೊನೆಯಾಗಿ ಹೊರಟ ಸ್ಟ್ರೀಮರ್‌ಗಳು ಕಾಣಬೇಕು. 2019ರ ಜುಲೈನಲ್ಲಿ ಅವು ಸಮಭಾಜಕದ ಆಚೀಚೆ ಮಾತ್ರ, ಧ್ರುವದಲ್ಲಿ ಸಣ್ಣ ಸಣ್ಣ ಎಳೆಗಳು. 2024ರಲ್ಲಿ ಸುತ್ತಲೂ ಸ್ಟ್ರೀಮರ್. ಹೋಲಿಸುವ ಮೊದಲು ಫೋಟೋವನ್ನು ತಿರುಗಿಸಿ, ಸೂರ್ಯನ ಉತ್ತರ ಮೇಲೆ ಬರಬೇಕು. ಆಕಾಶದ ಉತ್ತರಕ್ಕೂ ಸೂರ್ಯನ ಉತ್ತರಕ್ಕೂ ಇರುವ ಕೋನ ವರ್ಷದುದ್ದಕ್ಕೂ ಬದಲಾಗುತ್ತದೆ. ಏಪ್ರಿಲ್ ಮೊದಲ ವಾರದ ಹೊತ್ತಿಗೆ 26 ಡಿಗ್ರಿ, ಹೆಚ್ಚೆಂದರೆ ಅಷ್ಟೇ ಆಗುವುದು. ಇದನ್ನು ಮರೆತು ಮಾದರಿಯನ್ನು ಬೈದು ಪ್ರಯೋಜನ ಇಲ್ಲ.

ಮೂರನೆಯದು ನಮ್ಮ ಊರಿನ ದಾರಿಯಲ್ಲೇ ಇಳಿಯುವ ಅಳತೆ. ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಕಕ್ಷೆ ಸೇರಿದ್ದು 2024ರ ಜನವರಿ 6ರಂದು. ಇಸ್ರೋದ ದೊಡ್ಡ ಆಂಟೆನಾಗಳು, ಮಾಹಿತಿ ಕೇಂದ್ರ ಎರಡೂ ಇರುವುದು ಬ್ಯಾಲಾಳಿನಲ್ಲಿ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಬಿಡದಿಯ ಹತ್ತಿರ ಒಳಗೆ. ಈ ನೌಕೆಯಲ್ಲಿ ತನ್ನ ಸುತ್ತಲಿನ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಇದೆ, ಮಾಹಿತಿ ಇಸ್ರೋದ ಪ್ರದಾನ್ ತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಸಿಗುತ್ತದೆ. ಅದರಲ್ಲಿ ಒಂದೇ ಪ್ರಶ್ನೆ ಕೇಳಿ: ಕ್ಷೇತ್ರ ಸೂರ್ಯನಿಂದ ಹೊರಮುಖವಾ, ಒಳಮುಖವಾ? ನಿಮ್ಮ ಸೋರ್ಸ್ ಸರ್ಫೇಸ್ ಮೇಲೆ ಆ ಜಾಗದ ಬಣ್ಣವೂ ಅದೇ ಹೇಳಬೇಕು. ಯಾವ ಜಾಗ? ಸೌರಮಾರುತ ಸೆಕೆಂಡಿಗೆ 400 ಕಿಲೋಮೀಟರ್ ಬಂದರೆ 15 ಕೋಟಿ ಕಿಲೋಮೀಟರ್ ದಾಟಲು ನಾಲ್ಕು ದಿನ ಮೀರುತ್ತದೆ. ಅಷ್ಟರಲ್ಲಿ ಸೂರ್ಯ ತಿರುಗಿರುತ್ತಾನೆ. ಹಾಗಾಗಿ ಇವತ್ತು ಎದುರಿಗಿರುವ ರೇಖಾಂಶಕ್ಕೆ ಸುಮಾರು 60 ಡಿಗ್ರಿ ಕೂಡಿಸಿದ ಜಾಗ ನೋಡಿ.

ದಿಕ್ಕು ಬಹುತೇಕ ಹೊಂದುತ್ತದೆ. ಬಲ ಹೊಂದುವುದಿಲ್ಲ, ಮಾದರಿ ಹೇಳುವುದಕ್ಕಿಂತ ಅಳತೆಯೇ ಜಾಸ್ತಿ ಬರುತ್ತದೆ. ಇದು ನಿಮ್ಮ ತಪ್ಪಲ್ಲ. ಜಗತ್ತಿನ ಎಲ್ಲ ಗುಂಪುಗಳಿಗೂ ಕಾಡುತ್ತಿರುವ, ಇನ್ನೂ ಬಗೆಹರಿಯದ ಸಮಸ್ಯೆ. ಧ್ರುವದ ಅಳತೆಯೇ ಕಡಿಮೆಯಾ, ರೇಖೆಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ತೆರೆದಿವೆಯಾ ಅನ್ನುವ ವಾದ ನಡೆಯುತ್ತಲೇ ಇದೆ.

ಇದಕ್ಕೂ ಮುಂದೆ

ಸೌರಜ್ವಾಲೆ ಬಗ್ಗೆ ಪ್ರಾಜೆಕ್ಟ್ ಮಾಡುವ ಆಸೆ ಇದ್ದರೆ ಪಿಎಫ್‌ಎಸ್‌ಎಸ್ ಕೈಕೊಡುತ್ತದೆ. ಪ್ರವಾಹ ಇಲ್ಲದ ಕ್ಷೇತ್ರ ಅಂದರೆ ಆ ಮೇಲ್ಮೈ ನಕ್ಷೆಗೆ ಸಾಧ್ಯವಿರುವ ಅತಿ ಕಡಿಮೆ ಶಕ್ತಿಯ ಕ್ಷೇತ್ರ. ಜ್ವಾಲೆಗೆ ಬೇಕಾದ ಹೆಚ್ಚುವರಿ ಶಕ್ತಿ ಅದರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಎನ್‌ಎಲ್‌ಎಫ್‌ಎಫ್‌ಎಫ್ (ನಾನ್‌ಲೀನಿಯರ್ ಫೋರ್ಸ್-ಫ್ರೀ ಫೀಲ್ಡ್) ಅನ್ನುವ ಮುಂದಿನ ಮಾದರಿ ಬೇಕು. ಅದರಲ್ಲಿ ಪ್ರವಾಹ ಇರುತ್ತದೆ, ಆದರೆ ಬಲರೇಖೆಯ ಗುಂಟವೇ ಹರಿಯುತ್ತದೆ. ಮೇಲ್ಮೈಯ ಮೂರೂ ಘಟಕ ಅಳೆದಿರಬೇಕು. ಅಡ್ಡ ಘಟಕ ಈ ಕಡೆಗಾ, ನೇರ ಎದುರು ಕಡೆಗಾ ಅನ್ನುವ 180 ಡಿಗ್ರಿ ಗೊಂದಲವನ್ನೂ ಮೊದಲು ಬಿಡಿಸಬೇಕು. 2009ರಲ್ಲಿ 10953 ಸಂಖ್ಯೆಯ ಸಕ್ರಿಯ ಪ್ರದೇಶವನ್ನು ತೆಗೆದುಕೊಂಡು ಹಲವು ಗುಂಪುಗಳ ಎನ್‌ಎಲ್‌ಎಫ್‌ಎಫ್‌ಎಫ್ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟಾಗ, ಒಂದೇ ಅಳತೆಯಿಂದ ಹೊರಟರೂ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಅನಿಲದ ಒತ್ತಡ, ಸೌರಮಾರುತ ಎಲ್ಲವನ್ನೂ ಸೇರಿಸಿದ ಎಂಎಚ್‌ಡಿ (ಮ್ಯಾಗ್ನೆಟೋಹೈಡ್ರೋಡೈನಾಮಿಕ್ಸ್) ಮಾದರಿಗಳಿಗೆ ಸೂಪರ್ ಕಂಪ್ಯೂಟರೇ ಬೇಕು. ಪ್ರಿಡಿಕ್ಟಿವ್ ಸೈನ್ಸ್ ಅನ್ನುವ ಗುಂಪು 2017, 2019, 2024ರ ಗ್ರಹಣಗಳಿಗೆ ಮೊದಲೇ ಕರೋನಾದ ಚಿತ್ರ ಲೆಕ್ಕ ಹಾಕಿ ಪ್ರಕಟಿಸಿತ್ತು. ನಿಮ್ಮ ಪಿಎಫ್‌ಎಸ್‌ಎಸ್ ಚಿತ್ರ, ಅವರ ಚಿತ್ರ, ನಿಜವಾದ ಫೋಟೋ ಮೂರನ್ನೂ ಅಕ್ಕಪಕ್ಕ ಇಟ್ಟು, ಯಾವ ಸ್ಟ್ರೀಮರ್ ಯಾರಿಗೆ ತಪ್ಪಿತು, ಆ ಜಾಗದ ನಕ್ಷೆ ಎಷ್ಟು ದಿನ ಹಳೆಯದು ಅಂತ ಒಂದೊಂದಾಗಿ ಗುರುತು ಹಾಕಿದರೆ, ಪ್ರಾಜೆಕ್ಟ್ ವರದಿಯ ಕೊನೆಯ ಅಧ್ಯಾಯಕ್ಕೆ ಬೇಕಾದಷ್ಟು ಸಿಗುತ್ತದೆ.